ಪ್ರತಿವಿಷ ಬರುವ ಮೊದಲೇ: ಬೊಟುಲಿಸಂ ಕಾಣಿಸಿಕೊಂಡಾಗ ಸಣ್ಣ ಆಸ್ಪತ್ರೆ ಮಾಡಬೇಕಾದದ್ದು

2006ರ ಮಾರ್ಚ್ 14ರಂದು ಉತ್ತರ ಥಾಯ್ಲೆಂಡ್‌ನ ನಾನ್ ಪ್ರಾಂತ್ಯದ ಬಾನ್ ಲುವಾಂಗ್‌ನಲ್ಲಿ ಹಳ್ಳಿಹಬ್ಬ. ಊಟಕ್ಕೆ ಮನೆಯಲ್ಲೇ ಡಬ್ಬಿಗೆ ತುಂಬಿಟ್ಟಿದ್ದ ಕಳಲೆ ಬಡಿಸಿದ್ದರು. ಮರುದಿನದ ಹೊತ್ತಿಗೆ ಜನ ಆಸ್ಪತ್ರೆಗೆ ಬರತೊಡಗಿದರು: ವಾಂತಿ, ಹೊಟ್ಟೆನೋವು, ಒಣಗಿದ ಬಾಯಿ, ನೀರೂ ಇಳಿಯದ ಗಂಟಲು, ಜೋತುಬಿದ್ದ ರೆಪ್ಪೆ. ಇದು ಬೊಟುಲಿಸಂ, ಆಹಾರದಲ್ಲಿ ಬ್ಯಾಕ್ಟೀರಿಯಾ ಉತ್ಪಾದಿಸಿದ ವಿಷದಿಂದ ಸ್ನಾಯುಗಳು ಸೋಲುವ ಕಾಯಿಲೆ. ಒಟ್ಟು 209 ಮಂದಿ ಕಾಯಿಲೆ ಬಿದ್ದರು. 134 ಮಂದಿ ದಾಖಲಾದರು, 42 ಮಂದಿಗೆ ವೆಂಟಿಲೇಟರ್ ಬೇಕಾಯಿತು. ಪ್ರತಿವಿಷವನ್ನು (ಆ್ಯಂಟಿಟಾಕ್ಸಿನ್) ಬ್ರಿಟನ್, ಅಮೆರಿಕ, ಜಪಾನ್‌ಗಳಿಂದ ತರಿಸಬೇಕಾಯಿತು. ಅದು ರೋಗಿಗಳ ಮೈ ಸೇರುವಷ್ಟರಲ್ಲಿ ಊಟವಾಗಿ ನಾಲ್ಕಾರು ದಿನ ಕಳೆದಿತ್ತು. ಹಾಗಿದ್ದೂ, ಒಂದು ತಿಂಗಳ ಬಳಿಕ ಈ ಘಟನೆಯ ವರದಿ ಪ್ರಕಟವಾದಾಗ ಒಬ್ಬರೂ ಸತ್ತಿರಲಿಲ್ಲ.

ಇದರ ಪಕ್ಕಕ್ಕೆ 1991ರ ಕೈರೋ ಇಟ್ಟು ನೋಡಿ. ವಸಂತದ ಹಬ್ಬಕ್ಕೆ ಅಲ್ಲಿಯವರು ತಿನ್ನುವ ಫೆಸೀಖ್ ಎಂಬ ಉಪ್ಪುಮೀನಿನಿಂದ ಬೊಟುಲಿಸಂ ಹರಡಿ 91 ಮಂದಿ ಆಸ್ಪತ್ರೆ ಸೇರಿದರು, 18 ಮಂದಿ ತೀರಿಕೊಂಡರು. ಎರಡೂ ಕಡೆ ವಿಷದ ಬಗೆ ಬೇರೆ, ಊರು ಬೇರೆ. ಹಾಗಾಗಿ ಅಂಕಿಗಳನ್ನು ನೇರವಾಗಿ ತೂಗಲಾಗದು. ಆದರೆ ನಾನ್ ಪ್ರಾಂತ್ಯದ ಅನುಭವ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತದೆ: ಪ್ರತಿವಿಷ ತಡವಾದರೂ ಜನ ಬದುಕುತ್ತಾರೆ, ಉಸಿರಾಟಕ್ಕೆ ಆಸರೆ ತಡವಾದರೆ ಬದುಕುವುದಿಲ್ಲ. ಸೌಕರ್ಯ ಕಡಿಮೆ ಇರುವ ಕಡೆ ಎಲ್ಲ ಸಿದ್ಧತೆಯೂ ಈ ಒಂದು ಸಂಗತಿಯ ಸುತ್ತ ನಡೆಯಬೇಕು. ನಮ್ಮಲ್ಲಿ ಚರ್ಚೆ ಬಂದಾಗಲೆಲ್ಲ ಮೊದಲ ಪ್ರಶ್ನೆ "ಆ್ಯಂಟಿಟಾಕ್ಸಿನ್ ಎಲ್ಲಿ ಸಿಗುತ್ತದೆ?" ಎಂಬುದು. "ಇವತ್ತು ರಾತ್ರಿ ಇವರ ಉಸಿರನ್ನು ಯಾರು ನೋಡಿಕೊಳ್ಳುತ್ತಾರೆ?" ಎಂಬ ಪ್ರಶ್ನೆ ಅದಕ್ಕೂ ಮೊದಲು ಬರಬೇಕು.

ವಿಷ ಮಾಡುವ ಕೆಲಸ ಏನು

ಕ್ಲಾಸ್ಟ್ರಿಡಿಯಂ ಬೊಟುಲಿನಂ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಎಲ್ಲೆಡೆ ಇದೆ. ಅದರ ಬೀಜಾಣು ಹೊಟ್ಟೆಗೆ ಹೋದರೆ ದೊಡ್ಡವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಗಾಳಿಯಾಡದ, ಹುಳಿಯಿಲ್ಲದ, ತೇವವಿರುವ ಆಹಾರದಲ್ಲಿ ಆ ಬೀಜಾಣು ಮೊಳೆತು ಬೆಳೆದಾಗ ವಿಷ ಉತ್ಪತ್ತಿಯಾಗುತ್ತದೆ. ಅಪಾಯ ಇರುವುದು ಆ ವಿಷ ಸೇರಿದ ಆಹಾರದಲ್ಲಿ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ನರದ ತುದಿಗೆ ಹೋಗಿ ಅದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಬಿಡುಗಡೆಯನ್ನು ತಡೆಯುತ್ತದೆ. ನರದ ಆಜ್ಞೆ ಸ್ನಾಯುವಿಗೆ ತಲುಪುವುದಿಲ್ಲ. ಮೊದಲು ಕಣ್ಣು, ಮುಖ, ನಾಲಿಗೆ, ಗಂಟಲು. ಆಮೇಲೆ ಕುತ್ತಿಗೆ, ತೋಳು, ಎದೆ, ವಪೆ (ಉಸಿರಾಡಿಸುವ ಮುಖ್ಯ ಸ್ನಾಯು), ಕಾಲು. ಮೇಲಿನಿಂದ ಕೆಳಕ್ಕೆ, ಎರಡೂ ಬದಿಗೆ ಸಮನಾಗಿ ಇಳಿಯುವ ಪಾರ್ಶ್ವವಾಯು ಇದು. ಪ್ರಜ್ಞೆ ಪೂರ್ತಿ ಇರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ, ಜ್ವರ ಇರುವುದಿಲ್ಲ.

ಪ್ರತಿವಿಷ ಮಾಡುವುದು ರಕ್ತದಲ್ಲಿ ಇನ್ನೂ ತಿರುಗುತ್ತಿರುವ ವಿಷವನ್ನು ಹಿಡಿದು ನಿಷ್ಫಲಗೊಳಿಸುವ ಕೆಲಸ ಮಾತ್ರ. ನರದೊಳಗೆ ಹೊಕ್ಕ ವಿಷವನ್ನು ಅದು ಮುಟ್ಟಲಾರದು. ಬಿದ್ದ ರೆಪ್ಪೆ ಅದರಿಂದ ಏಳುವುದಿಲ್ಲ. ಇನ್ನಷ್ಟು ಸ್ನಾಯುಗಳು ಬೀಳದಂತೆ ಅದು ತಡೆಯುತ್ತದೆ. ಅಮೆರಿಕದಲ್ಲಿ ಈ ವಿಷದ ಏಳು ಬಗೆಗಳಲ್ಲಿ ಒಂದಾದ ಎ ಬಗೆ ತಗುಲಿದ ರೋಗಿಗಳ ಹಳೆಯ ದಾಖಲೆಗಳನ್ನು ವಿಶ್ಲೇಷಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 24 ಗಂಟೆಯೊಳಗೆ ಪ್ರತಿವಿಷ ಪಡೆದವರಲ್ಲಿ ಶೇ 10, ತಡವಾಗಿ ಪಡೆದವರಲ್ಲಿ ಶೇ 15, ಪಡೆಯದೇ ಇದ್ದವರಲ್ಲಿ ಶೇ 46 ಮಂದಿ ಸತ್ತಿದ್ದರು. ಪ್ರತಿವಿಷ ಬೇಕೇ ಬೇಕು, ಅದೂ ಬೇಗ ಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ 2015ರ ಏಪ್ರಿಲ್‌ನಲ್ಲಿ ಅಮೆರಿಕದ ಒಹಾಯೊದ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ ಚರ್ಚ್‌ನ ಊಟದಿಂದ 29 ಮಂದಿಗೆ ಬೊಟುಲಿಸಂ ಆದಾಗ, ಅಟ್ಲಾಂಟಾದ ಸಿಡಿಸಿ (ಅಮೆರಿಕದ ರೋಗ ನಿಯಂತ್ರಣ ಕೇಂದ್ರ) ಪ್ರತಿವಿಷವನ್ನು ತುರ್ತಾಗಿ ತಲುಪಿಸಿಯೂ 11 ಮಂದಿಗೆ ಗಂಟಲಿಗೆ ಟ್ಯೂಬ್ ಹಾಕಬೇಕಾಯಿತು, ಒಬ್ಬರು ತೀರಿಕೊಂಡರು. ಅಷ್ಟು ವೇಗದ ಪೂರೈಕೆ ವ್ಯವಸ್ಥೆಯೂ ಉಸಿರಾಟದ ಆಸರೆಯ ಅಗತ್ಯವನ್ನು ತಪ್ಪಿಸಲಿಲ್ಲ.

ಗುರುತಿಸುವುದೇ ಅರ್ಧ ಕೆಲಸ

ಲಕ್ಷಣಗಳು ಸಾಮಾನ್ಯವಾಗಿ ತಿಂದ 12ರಿಂದ 36 ಗಂಟೆಗಳಲ್ಲಿ ಕಾಣಿಸುತ್ತವೆ. 6 ಗಂಟೆಯಲ್ಲೂ ಬರಬಹುದು, 10 ದಿನದ ಮೇಲೂ ಬರಬಹುದು. ಬೇಗ ಶುರುವಾದಷ್ಟೂ ಕಾಯಿಲೆ ಜೋರು. ಮೊದಲು ವಾಂತಿ, ಹೊಟ್ಟೆನೋವು ಇರುವುದರಿಂದ ರೋಗಿಗೆ ಗ್ಲೂಕೋಸ್ ಏರಿಸಿ "ಫುಡ್ ಪಾಯ್ಸನಿಂಗ್" ಎಂದು ಮನೆಗೆ ಕಳಿಸುವುದು ಸಾಮಾನ್ಯ ಎಡವಟ್ಟು. ಮುಂದೆ ಭೇದಿಯ ಬದಲು ಮಲಬದ್ಧತೆ ಬಂದರೆ, ಬಾಯಿ ಒಣಗಿದರೆ, ಅಕ್ಷರ ಮಂಜಾದರೆ ಅಲ್ಲೇ ನಿಂತು ಬೊಟುಲಿಸಂ ಇರಬಹುದೇ ಎಂದು ಯೋಚಿಸಬೇಕು.

2021ರ ಸಿಡಿಸಿ ಮಾರ್ಗಸೂಚಿಯ ಪ್ರಕಾರ ಸಂಶಯಪಡಲು ಪ್ರಯೋಗಾಲಯ ಬೇಡ. ಜ್ವರವಿಲ್ಲದ ರೋಗಿಯಲ್ಲಿ ಮಂಜು ನೋಟ, ಎರಡೆರಡು ಕಾಣುವುದು, ತೊದಲು, ದನಿ ಬದಲಾಗುವುದು, ನುಂಗಲು ಕಷ್ಟ ಇವುಗಳಲ್ಲಿ ಒಂದಾದರೂ ಹೊಸದಾಗಿ ಬಂದಿರಬೇಕು. ಜೊತೆಗೆ ರೆಪ್ಪೆ ಜೋಲುವುದು, ಕಣ್ಣುಗುಡ್ಡೆ ಹೊರಳದಿರುವುದು, ಮುಖದ ಸ್ನಾಯು ಸೋತಿರುವುದು, ಬೆಳಕಿಗೆ ಕುಗ್ಗದ ಪಾಪೆ, ಮೇಲಿನಿಂದ ಇಳಿಯುವ ನಿಶ್ಶಕ್ತಿ ಇವುಗಳಲ್ಲಿ ಒಂದಾದರೂ ಪರೀಕ್ಷೆಯಲ್ಲಿ ಕಾಣಬೇಕು. ಟಾರ್ಚ್ ಮತ್ತು ಬೆರಳು ಸಾಕು.

ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದನ್ನು ಮರೆಮಾಚುವ ದೊಡ್ಡ ಕಾಯಿಲೆ ಕಟ್ಟುಹಾವಿನ ಕಡಿತ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಗೊತ್ತೇ ಆಗದಂತೆ ಕಚ್ಚುತ್ತದೆ; ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ರೆಪ್ಪೆ ಜೋಲು, ನುಂಗಲಾಗದಿರುವುದು. ಒಬ್ಬನೇ ರೋಗಿ ಬಂದಾಗ ಎರಡನ್ನೂ ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಕಷ್ಟ, ಹಾವಿನ ಪ್ರತಿವಿಷ ಕೊಡುವುದು ತಪ್ಪೂ ಅಲ್ಲ. ಆದರೆ ಅದಕ್ಕೆ ಬಗ್ಗದೆ ಪಾರ್ಶ್ವವಾಯು ಇಳಿಯುತ್ತಲೇ ಹೋದರೆ ಊಟದ ಕಡೆ ಗಮನ ತಿರುಗಬೇಕು. ಕೀಟನಾಶಕ ಕುಡಿದವರಲ್ಲಿ ಪಾಪೆ ಸೂಜಿಮೊನೆಯಷ್ಟಾಗಿ ಬಾಯಲ್ಲಿ ಜೊಲ್ಲು, ನೊರೆ ಸುರಿಯುತ್ತದೆ; ಬೊಟುಲಿಸಂನಲ್ಲಿ ಪಾಪೆ ಹಿಗ್ಗಿ ಬಾಯಿ ಒಣಗುತ್ತದೆ. ಗಿಯಾನ್ ಬರೇ ಸಿಂಡ್ರೋಮ್ ಎಂಬ ನರಗಳ ಕಾಯಿಲೆ ಸಾಮಾನ್ಯವಾಗಿ ಕಾಲಿನಿಂದ ಮೇಲೇರುತ್ತದೆ, ಜೋಮು ಇರುತ್ತದೆ. ಲಕ್ವ ಒಂದೇ ಬದಿಗೆ ಹೊಡೆಯುತ್ತದೆ. ಸ್ನಾಯುಗಳು ಬೇಗ ದಣಿಯುವ ಮಯಸ್ತೀನಿಯಾ ಕಾಯಿಲೆಯಲ್ಲಿ ಪಾಪೆ ಸರಿಯಾಗಿರುತ್ತದೆ.

ಈ ಪಟ್ಟಿಗಿಂತ ದೊಡ್ಡ ಸಾಧನ ಒಂದು ಪ್ರಶ್ನೆ: "ನಿಮ್ಮ ಜೊತೆ ಊಟ ಮಾಡಿದವರಲ್ಲಿ ಇನ್ನು ಯಾರಿಗಾದರೂ ಕಣ್ಣು ಮಂಜಾಗಿದೆಯಾ, ಮಾತು ತೊದಲುತ್ತಿದೆಯಾ?" ಎರಡನೇ ರೋಗಿ ಸಿಕ್ಕ ಕ್ಷಣ ರೋಗನಿರ್ಣಯ ಹೆಚ್ಚುಕಡಿಮೆ ಮುಗಿದಂತೆ. ಒಂದೇ ಮನೆಯ ಇಬ್ಬರಿಗೆ, ಒಂದೇ ಹಾಸ್ಟೆಲಿನ ಮೂವರಿಗೆ ಒಟ್ಟೊಟ್ಟಿಗೆ ಲಕ್ವ ಹೊಡೆಯುವುದಿಲ್ಲ.

ಹಾಸ್ಟೆಲ್ ಎಂದದ್ದಕ್ಕೆ ಕಾರಣವಿದೆ. 1996ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಒಂದು ವಸತಿ ಶಾಲೆಯಲ್ಲಿ 34 ಮಕ್ಕಳು ಆಸ್ಪತ್ರೆ ಸೇರಿ ಮೂವರು ಸತ್ತರು. ಸಂಶಯ ನಿಂತದ್ದು ಕಡಲೆಹಿಟ್ಟಿನ ಸೇವಿನ ಮೇಲೆ. ಅದರಲ್ಲಿ ಸಿಕ್ಕಿದ್ದು ಬೊಟುಲಿನಂ ಅಲ್ಲ, ಅದರ ಸಂಬಂಧಿ ಕ್ಲಾಸ್ಟ್ರಿಡಿಯಂ ಬ್ಯುಟಿರಿಕಂ. ಅದು ಉತ್ಪಾದಿಸಿದ್ದು ಇ ಬಗೆಯ ಬೊಟುಲಿನಂ ವಿಷವನ್ನೇ. "ನಮ್ಮಲ್ಲಿ ಡಬ್ಬಿ ಆಹಾರ ತಿನ್ನುವವರು ಕಡಿಮೆ, ನಮಗೆ ಈ ಕಾಯಿಲೆ ಇಲ್ಲ" ಎನ್ನುವವರಿಗೆ ಈ ಘಟನೆಯೇ ಉತ್ತರ. ಹುಡುಕದೆ ಇರುವುದನ್ನು ಇಲ್ಲ ಎನ್ನಲಾಗದು.

ಮೊದಲ ಎರಡು ಗಂಟೆ

ರೋಗಿಗಳು ಒಟ್ಟಿಗೆ ಬಂದಾಗ ಬಾಗಿಲಲ್ಲೇ ವಿಂಗಡಣೆ ಶುರುವಾಗಬೇಕು. ಆ ಆಹಾರ ತಿಂದಿದ್ದಾರೆ, ಲಕ್ಷಣ ಏನೂ ಇಲ್ಲ ಎನ್ನುವವರ ಹೆಸರು, ಊರು, ಫೋನ್ ನಂಬರ್ ಬರೆದುಕೊಂಡು ಮನೆಗೆ ಕಳಿಸಬಹುದು. ಆಶಾ ಕಾರ್ಯಕರ್ತೆಯರು 10 ದಿನ ಅವರ ಮೇಲೆ ಕಣ್ಣಿಡಬೇಕು, ಕಣ್ಣು ಮಂಜಾದರೆ ಗಂಟೆಯೊಳಗೆ ವಾಪಸ್ ಬರಬೇಕು. ಕಣ್ಣು, ಮುಖದ ಲಕ್ಷಣ ಮಾತ್ರ ಇರುವವರನ್ನು ದಾಖಲಿಸಿ ನರ್ಸ್ ಕುಳಿತ ಜಾಗದಿಂದ ಕಾಣುವ ಹಾಸಿಗೆಗಳಲ್ಲಿ ಮಲಗಿಸಬೇಕು. ನುಂಗಲು ಕಷ್ಟ, ದನಿ ಕ್ಷೀಣ, ದಿಂಬಿನಿಂದ ತಲೆ ಎತ್ತಲಾಗದು, ಉಸಿರು ಮೇಲುಮೇಲೆ ಎನ್ನುವವರು ಟ್ಯೂಬ್ ಹಾಕಬಲ್ಲವರ ಕೈಯಳತೆಯಲ್ಲಿರಬೇಕು. ನಡೆದುಕೊಂಡು ಬಂದಿದ್ದಾನೆ ಎಂಬ ಕಾರಣಕ್ಕೆ ಹೊರಗಿನ ಬೆಂಚಿನ ಮೇಲೆ ಕೂರಿಸಿದ ರೋಗಿಯೇ ಎಷ್ಟೋ ಸಲ ಮೊದಲು ಕುಸಿಯುತ್ತಾನೆ, ಯಾಕೆಂದರೆ ಕಾಲು ಸೋಲುವುದು ಕೊನೆಗೆ.

ಉಸಿರು ಸೋಲುತ್ತಿರುವುದು ಮುಖದಲ್ಲಿ ಕಾಣುವುದಿಲ್ಲ ಎಂಬುದು ಈ ಕಾಯಿಲೆಯ ದೊಡ್ಡ ಮೋಸ. ಬೇರೆ ಕಾಯಿಲೆಗಳಲ್ಲಿ ಏದುಸಿರು ಬಿಡುವ ರೋಗಿಯ ಮೂಗು ಅರಳುತ್ತದೆ, ಕುತ್ತಿಗೆಯ ಸ್ನಾಯು ಸೆಟೆಯುತ್ತದೆ, ಮುಖದಲ್ಲಿ ಗಾಬರಿ ಕಾಣುತ್ತದೆ. ಇಲ್ಲಿ ಆ ಸ್ನಾಯುಗಳೇ ಸೋತಿರುವುದರಿಂದ ರೋಗಿ ಶಾಂತವಾಗಿ ನಿದ್ದೆ ಮಾಡುತ್ತಿರುವಂತೆ ತೋರುತ್ತಾನೆ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರನ್ನೇ ನಂಬಿದರೂ ಮೋಸ ಹೋಗುತ್ತೇವೆ. ಮೊದಲು ಏರುವುದು ಇಂಗಾಲದ ಡೈಆಕ್ಸೈಡ್. ಆಮ್ಲಜನಕದ ಮಟ್ಟ ಇಳಿಯುವುದು ಕಟ್ಟಕಡೆಗೆ. ಮೂಗಿಗೆ ಆಕ್ಸಿಜನ್ ಹಚ್ಚಿದ್ದರೆ ಪರದೆಯ ಮೇಲೆ 98 ತೋರಿಸುತ್ತಲೇ ಇರುವಾಗ ರೋಗಿ ಉಸಿರು ನಿಲ್ಲಿಸಬಹುದು.

ಹಾಗಾಗಿ ಯಂತ್ರವಿಲ್ಲದ ಕಡೆ ಮೂರು ಪರೀಕ್ಷೆ. ಒಂದು, ಆಳವಾಗಿ ಉಸಿರು ಎಳೆದುಕೊಂಡು ಒಂದೇ ಉಸಿರಿನಲ್ಲಿ ಸೆಕೆಂಡಿಗೆ ಎರಡರಂತೆ ಎಣಿಸಲು ಹೇಳುವುದು. ಆರೋಗ್ಯವಂತರು 40-50ರ ತನಕ ಎಣಿಸುತ್ತಾರೆ. 20ಕ್ಕಿಂತ ಕೆಳಗಿಳಿದರೆ ಎಚ್ಚರದ ಗಂಟೆ. 10ರತ್ತ ಜಾರುತ್ತಿದ್ದರೆ ಟ್ಯೂಬ್ ಹಾಕಲು ತಯಾರಾಗಬೇಕು. ನಾಲಿಗೆ ತೊದಲುವವರು ಎಣಿಸಲಾರರು. ಅವರು "ಆ…" ಎಂದು ಎಳೆಯಲಿ, ನರ್ಸ್ ಎಣಿಸಲಿ. ಎರಡು, ಅಂಗಾತ ಮಲಗಿ ತಲೆಯನ್ನು ದಿಂಬಿನಿಂದ ಎತ್ತಿ ಹಿಡಿಯುವುದು. ಕುತ್ತಿಗೆ ಬಗ್ಗಿಸುವ ಸ್ನಾಯು ಸೋತಾಗ ವಪೆಯೂ ಹೆಚ್ಚು ಹಿಂದೆ ಉಳಿದಿರುವುದಿಲ್ಲ. ಮೂರು, ಕೆಮ್ಮಲು ಹೇಳಿ ಕೇಳಿಸಿಕೊಳ್ಳುವುದು. ಕೆಮ್ಮಿನ ಬದಲು ಬರೀ ಗಾಳಿಯ ಸದ್ದು ಬಂದರೆ, ಬಾಯಲ್ಲಿ ಜೊಲ್ಲು ತುಂಬಿಕೊಂಡರೆ, ಎಣಿಕೆ ಚೆನ್ನಾಗಿದ್ದರೂ ಶ್ವಾಸನಾಳ ಅಪಾಯದಲ್ಲಿದೆ. ಮೊದಲ ದಿನ ಗಂಟೆಗೊಮ್ಮೆ, ಆಮೇಲೆ ಸ್ಥಿತಿ ನಿಂತಿದೆ ಎನಿಸಿದರೆ ಎರಡು-ನಾಲ್ಕು ಗಂಟೆಗೊಮ್ಮೆ ಇದನ್ನು ಹಾಸಿಗೆಯ ತಲೆಭಾಗದ ಹಾಳೆಯಲ್ಲಿ ಸಮಯದ ಜೊತೆ ಬರೆಯಬೇಕು. ಒಂದು ಸಲದ ಅಂಕಿಗಿಂತ ಅದು ಇಳಿಯುತ್ತಿರುವ ವೇಗ ಮುಖ್ಯ: 6 ಗಂಟೆಗೆ 35, 8 ಗಂಟೆಗೆ 24 ಎಂದಿದ್ದರೆ 10 ಗಂಟೆಯ ತನಕ ಕಾಯುವಂತಿಲ್ಲ.

ಇನ್ನೂ ಟ್ಯೂಬ್ ಬೇಡವಾದ ರೋಗಿಯ ಮಂಚವನ್ನೇ ಓರೆ ಮಾಡಿದರೆ ವಪೆಯ ಮೇಲಿನ ಭಾರ ಇಳಿಯುತ್ತದೆ. ಸೊಂಟದಲ್ಲಿ ಮಡಚಿ ಕೂರಿಸಿದರೆ ಹೊಟ್ಟೆ ಒತ್ತಿ ಉಸಿರು ಇನ್ನೂ ಕಷ್ಟ. ಇಡೀ ಮಂಚದ ತಲೆಭಾಗ 20-25 ಡಿಗ್ರಿ ಮೇಲೇಳಬೇಕು. 6 ಅಡಿಯ ಮಂಚಕ್ಕೆ ಅದು ಸುಮಾರು 2 ಅಡಿ ಎತ್ತರ. ಕುತ್ತಿಗೆಯ ಕೆಳಗೆ ಬಿಗಿಯಾಗಿ ಸುತ್ತಿದ ಬಟ್ಟೆ, ಜಾರದಂತೆ ಪಾದಕ್ಕೆ ಆನಿಕೆ. ಬಾಯಿಗೆ ಏನನ್ನೂ ಹಾಕುವಂತಿಲ್ಲ, ಒಂದು ಗುಟುಕು ನೀರೂ ಕೂಡ. ಎಳನೀರು ಕುಡಿಸಲು ಬರುವ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕು. ಶ್ವಾಸಕೋಶಕ್ಕೆ ಇಳಿದ ಎಳನೀರು ನ್ಯುಮೋನಿಯಾ ತರುತ್ತದೆ.

ದೊಡ್ಡಾಸ್ಪತ್ರೆಗೆ ಕಳಿಸುವ ತೀರ್ಮಾನದಲ್ಲೂ ಇದೇ ಲೆಕ್ಕ. ಮೂರು ಗಂಟೆಯ ಘಟ್ಟದ ದಾರಿಯಿದ್ದರೆ, ಈಗ ಹೇಗಿದ್ದಾನೆ ಎಂದು ನೋಡಿದರೆ ಸಾಲದು, ಮೂರು ಗಂಟೆಯ ಮೇಲೆ ಹೇಗಿರುತ್ತಾನೆ ಎಂದು ನೋಡಬೇಕು. ಒಂದೋ ಉಸಿರಿನ ಶಕ್ತಿ ಚೆನ್ನಾಗಿರುವಾಗಲೇ ಕಳಿಸಿ, ಇಲ್ಲವೇ ಟ್ಯೂಬ್ ಹಾಕಿ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತುವ ಇಬ್ಬರನ್ನು 108 ಆಂಬುಲೆನ್ಸ್‌ನಲ್ಲಿ ಜೊತೆಗೆ ಕಳಿಸಿ. ನಾನ್ ಪ್ರಾಂತ್ಯದ ತೀವ್ರ ರೋಗಿಗಳನ್ನು ಬ್ಯಾಂಕಾಕ್‌ನ ಆಸ್ಪತ್ರೆಗಳಿಗೂ ಸಾಗಿಸಿದ್ದರು. ವೆಂಟಿಲೇಟರ್‌ಗಳನ್ನು ಒಂದೇ ಊರಿಗೆ ಎಳೆದು ತರುವುದಕ್ಕಿಂತ ರೋಗಿಗಳನ್ನು ಹಂಚುವುದು ಸುಲಭ.

ವೆಂಟಿಲೇಟರ್ ಮುಗಿದಾಗ

ಬೊಟುಲಿಸಂನಲ್ಲಿ ಶ್ವಾಸಕೋಶ ಆರೋಗ್ಯವಾಗಿರುತ್ತದೆ. ಸೋತಿರುವುದು ಗಾಳಿ ಎಳೆಯುವ ಸ್ನಾಯು ಮಾತ್ರ. ಕೋವಿಡ್‌ನಲ್ಲಿ ಕಂಡ ಹಾಗೆ ಸಿಲಿಂಡರ್‌ಗಟ್ಟಲೆ ಆಕ್ಸಿಜನ್ ಬೇಡ. ನ್ಯುಮೋನಿಯಾ ಸೇರಿಕೊಳ್ಳದ ತನಕ ಹೆಚ್ಚಿನವರಿಗೆ ಸಾಮಾನ್ಯ ಗಾಳಿಯನ್ನೇ ಒಳಗೆ ತಳ್ಳಿದರೂ ನಡೆಯುತ್ತದೆ. ಆದ್ದರಿಂದ ಅಂಬು ಬ್ಯಾಗ್ ಎಂಬ ರಬ್ಬರ್ ಚೀಲ ಇಲ್ಲಿ ನಿಜವಾಗಿಯೂ ಜೀವ ಉಳಿಸುತ್ತದೆ, ಗಂಟೆಗಟ್ಟಲೆ ಮಾತ್ರವಲ್ಲ, ದಿನಗಟ್ಟಲೆ.

ಇದು ಬರೀ ಆಸೆಯ ಮಾತಲ್ಲ. 1952ರಲ್ಲಿ ಕೋಪನ್‌ಹೇಗನ್‌ನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಪೋಲಿಯೊ ರೋಗಿಗಳು ಉಸಿರುಗಟ್ಟಿ ಸಾಯುತ್ತಿದ್ದಾಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ಯೂಬ್ ಇಳಿಸಿ ಚೀಲದಿಂದ ಕೈಯಾರೆ ಉಸಿರು ಕೊಡಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯಲ್ಲಿ ತಿಂಗಳುಗಟ್ಟಲೆ ಚೀಲ ಒತ್ತಿದರು. ಒಂದು ಹಂತದಲ್ಲಿ 70 ರೋಗಿಗಳು ಏಕಕಾಲಕ್ಕೆ ಹೀಗೆ ಬದುಕುತ್ತಿದ್ದರು. ಆ ರೋಗಿಗಳಿಗೂ ಬೊಟುಲಿಸಂ ರೋಗಿಗಳಿಗೂ ಬೇಕಾದದ್ದು ಒಂದೇ: ಸ್ನಾಯು ಚೇತರಿಸಿಕೊಳ್ಳುವವರೆಗೆ ಬೇರೆಯವರ ಕೈ.

ಒತ್ತುವ ಕ್ರಮ ಕಲಿಸಲು ಹತ್ತು ನಿಮಿಷ ಸಾಕು. ದೊಡ್ಡವರ ಚೀಲದಲ್ಲಿ ಸುಮಾರು ಒಂದೂವರೆ ಲೀಟರ್ ಗಾಳಿ ಹಿಡಿಯುತ್ತದೆ. ಬೇಕಾಗಿರುವುದು ಅದರ ಮೂರನೇ ಒಂದು ಭಾಗ, ಎದೆ ಮೆಲ್ಲಗೆ ಏಳುವಷ್ಟು. ಒಂದು ಸೆಕೆಂಡು ಒತ್ತಿ, ಪೂರ್ತಿ ಬಿಡಿ, ಐದಾರು ಸೆಕೆಂಡಿಗೊಮ್ಮೆ, ನಿಮಿಷಕ್ಕೆ 10-12 ಸಲ. ಹೊಸಬರು ಗಾಬರಿಯಲ್ಲಿ ನಿಮಿಷಕ್ಕೆ 30 ಸಲ ಒತ್ತುತ್ತಾರೆ. ಆಗ ಗಾಳಿ ಹೊರಬರಲು ಸಮಯ ಸಿಗದೆ ಎದೆ ಉಬ್ಬುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಗೋಡೆ ಗಡಿಯಾರದ ಸೆಕೆಂಡು ಮುಳ್ಳು ಕಾಣುವಂತೆ ಕೂರಿಸಿದರೆ ಈ ತಪ್ಪು ತಪ್ಪುತ್ತದೆ. ಮಾಸ್ಕ್ ಇಟ್ಟು ಒತ್ತುವುದು ಟ್ಯೂಬ್ ಹಾಕುವವರೆಗಿನ ತಾತ್ಕಾಲಿಕ ವ್ಯವಸ್ಥೆ. ಹಾಗೆ ಹೊತ್ತು ಮೀರಿದರೆ ಹೊಟ್ಟೆಗೆ ಗಾಳಿ ತುಂಬಿ ವಾಂತಿಯಾಗುತ್ತದೆ. ಟ್ಯೂಬ್ ಎಷ್ಟು ಸೆಂಟಿಮೀಟರ್ ಒಳಗಿದೆ ಎಂದು ಕೆನ್ನೆಯ ಅಂಟುಪಟ್ಟಿಯ ಮೇಲೆ ಬರೆದಿಡಬೇಕು. ಒತ್ತಲು ಇದ್ದಕ್ಕಿದ್ದಂತೆ ಗಟ್ಟಿ ಎನಿಸಿದರೆ ಕಫ ಕಟ್ಟಿದೆ ಅಥವಾ ಟ್ಯೂಬ್ ಮಡಚಿದೆ; ತೀರಾ ಹಗುರ ಎನಿಸಿದರೆ ಟ್ಯೂಬ್ ಹೊರಬಂದಿದೆ ಅಥವಾ ಸಂಪರ್ಕ ಕಳಚಿದೆ. ಕೈಗೇ ಇದು ಗೊತ್ತಾಗುತ್ತದೆ. ಸಕ್ಷನ್ ಯಂತ್ರಕ್ಕೆ ಕರೆಂಟ್ ಹೋದರೆ ಏನು ಗತಿ ಎಂದು ಮೊದಲೇ ಯೋಚಿಸಿ ಕಾಲಿನಿಂದ ತುಳಿಯುವ ಸಕ್ಷನ್ ಪಂಪ್ ಒಂದನ್ನು ಇಟ್ಟುಕೊಂಡಿರಬೇಕು.

ಜನಬಲದ ಲೆಕ್ಕವನ್ನು ಮೊದಲ ದಿನವೇ ಹಾಕಬೇಕು. ಒಬ್ಬ ರೋಗಿಗೆ ಎಂಟು ಗಂಟೆಯ ಪಾಳಿಗೆ ಇಬ್ಬರು, 20-30 ನಿಮಿಷಕ್ಕೊಮ್ಮೆ ಕೈ ಬದಲಾಯಿಸುತ್ತ. ದಿನಕ್ಕೆ ಆರು ಮಂದಿ. ಹತ್ತು ರೋಗಿಗಳಿಗೆ 60, ರಜೆ-ವಿಶ್ರಾಂತಿ ಸೇರಿಸಿದರೆ 80ರ ಹತ್ತಿರ. ನರ್ಸಿಂಗ್ ವಿದ್ಯಾರ್ಥಿಗಳು, ಗೃಹರಕ್ಷಕರು, ಮನೆಯವರು ಎಲ್ಲರೂ ಕಲಿಯಬಲ್ಲರು, ಆದರೆ ಐದಾರು ಚೀಲಗಳಿಗೊಬ್ಬರಂತೆ ತರಬೇತಾದ ನರ್ಸ್ ಸುತ್ತುತ್ತಿರಬೇಕು.

ಹಾಸಿಗೆಯಲ್ಲಿರುವ ವ್ಯಕ್ತಿಗೆ ಎಲ್ಲವೂ ಕೇಳಿಸುತ್ತಿದೆ ಎಂಬುದನ್ನು ಈ ಗಡಿಬಿಡಿಯಲ್ಲಿ ಮರೆಯಲಾಗದು. ರೆಪ್ಪೆ ತೆರೆಯದು, ಕೈ ಏಳದು, ಮಾತು ಹೊರಡದು, ಬುದ್ಧಿ ಎಚ್ಚರವಾಗಿದೆ. "ಇವನು ಉಳಿಯಲ್ಲ" ಎಂದು ಮಂಚದ ಪಕ್ಕ ಪಿಸುಗುಟ್ಟಿದ್ದನ್ನೂ ಅವನು ಕೇಳಿಸಿಕೊಳ್ಳುತ್ತಾನೆ. ಯಾವ ಬೆರಳು ಇನ್ನೂ ಅಲುಗುತ್ತದೋ ನೋಡಿ, ಹೌದಿಗೆ ಒಂದು ಸಲ, ಇಲ್ಲಕ್ಕೆ ಎರಡು ಸಲ ಎಂದು ಸಂಜ್ಞೆ ಗೊತ್ತುಮಾಡಿಕೊಳ್ಳಿ. ದಿನಕ್ಕೆ ನಾಲ್ಕು ಸಲವಾದರೂ ರೆಪ್ಪೆ ಎತ್ತಿ ಮನೆಯವರ ಮುಖ ತೋರಿಸಿ, ಕಣ್ಣಿಗೆ ಮುಲಾಮು ಹಾಕಿ ಮುಚ್ಚಿ. ನೋವಿಗೆ, ಗಾಬರಿಗೆ ಔಷಧಿ ಕೊಡಿ.

ಕೊಡಬಾರದ ಔಷಧಿಗಳೂ ಇವೆ. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಅಮೈನೊಗ್ಲೈಕೋಸೈಡ್‌ಗಳು ನರ-ಸ್ನಾಯು ಸಂಪರ್ಕವನ್ನು ಇನ್ನಷ್ಟು ಕೆಡಿಸುತ್ತವೆ. ಭೇದಿ ಮಾಡಿಸುವ ಔಷಧಿಯಲ್ಲಿರುವ ಮೆಗ್ನೀಸಿಯಂ ಕೂಡ. ಆಹಾರದಿಂದ ಬಂದ ಬೊಟುಲಿಸಂಗೆ ಆ್ಯಂಟಿಬಯೋಟಿಕ್‌ನಿಂದ ಲಾಭವಿಲ್ಲ. ನ್ಯುಮೋನಿಯಾದಂಥ ಸೋಂಕು ಸೇರಿದರೆ ಮಾತ್ರ ಬೇಕು. ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಪ್ರತ್ಯೇಕ ಕೋಣೆ ಬೇಡ.

ಪ್ರತಿವಿಷ: ಕೇಳುವುದು, ಹಂಚುವುದು

ತಾಲ್ಲೂಕು ಆಸ್ಪತ್ರೆಯ ಫ್ರಿಜ್‌ನಲ್ಲಿ ಹಾವಿನ ಪ್ರತಿವಿಷ ಇರುತ್ತದೆ, ಬೊಟುಲಿಸಂದು ಇರುವುದಿಲ್ಲ. ಆದ್ದರಿಂದ ಸಂಶಯ ಬಂದ ಗಂಟೆಯಲ್ಲೇ ಬೇಡಿಕೆ ಹೊರಡಬೇಕು. ಇಲಿಗಳ ಮೇಲಿನ ಪರೀಕ್ಷೆಯ ಫಲಿತಾಂಶ ಬರಲು ನಾಲ್ಕು ದಿನದ ತನಕ ಹಿಡಿಯಬಹುದು, ಅಷ್ಟು ಕಾದರೆ ಪ್ರತಿವಿಷದ ಪ್ರಯೋಜನವೇ ಕಳೆದುಹೋಗುತ್ತದೆ. ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಮಾಡುವ ಫೋನ್‌ನಲ್ಲಿ ಎಷ್ಟು ರೋಗಿಗಳು, ಮೊದಲ ಲಕ್ಷಣ ಎಷ್ಟು ಹೊತ್ತಿಗೆ, ಎಷ್ಟು ಟ್ಯೂಬ್, ಯಾವ ಆಹಾರ, ಇನ್ನೆಷ್ಟು ಮಂದಿ ತಿಂದಿರಬಹುದು ಇಷ್ಟು ಇರಬೇಕು. ವಿದೇಶದಿಂದ ತರುವಾಗ ವಿಮಾನಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಕಾಗದಪತ್ರ: ಆಮದು ಅನುಮತಿ, ಕಸ್ಟಮ್ಸ್, ನಿಲ್ದಾಣದಲ್ಲಿ ಮಂಜಿನ ಪೆಟ್ಟಿಗೆ ಹಿಡಿದು ನಿಲ್ಲುವ ವ್ಯಕ್ತಿಯ ಹೆಸರು. ರಾಜ್ಯಮಟ್ಟದಲ್ಲಿ ಇವನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳುವುದಕ್ಕೆ ಖರ್ಚಿಲ್ಲ. ಥಾಯ್ಲೆಂಡ್ ನಾನ್ ಘಟನೆಯ ನಂತರದ ವರ್ಷಗಳಲ್ಲಿ ತನ್ನ ರಾಷ್ಟ್ರೀಯ ಪ್ರತಿವಿಷ ಕಾರ್ಯಕ್ರಮದಲ್ಲೇ ಬೊಟುಲಿಸಂ ಪ್ರತಿವಿಷವನ್ನು ದಾಸ್ತಾನು ಇಡತೊಡಗಿತು.

ಈಗ ಬಳಕೆಯಲ್ಲಿರುವ ಮುಖ್ಯ ಉತ್ಪನ್ನ ಎಯಿಂದ ಜಿವರೆಗಿನ ಏಳೂ ಬಗೆಗೆ ಕೆಲಸ ಮಾಡುವ, ಕುದುರೆ ರಕ್ತದಿಂದ ತಯಾರಿಸಿದ ಪ್ರತಿವಿಷ. ಅಮೆರಿಕ 2013ರಲ್ಲಿ ಇದಕ್ಕೆ ಪರವಾನಗಿ ಕೊಟ್ಟಿತು. ದೊಡ್ಡವರಿಗೆ ಒಂದೇ ವಯಲ್, ಮಕ್ಕಳಿಗೆ ತೂಕದ ಪ್ರಕಾರ. ಹತ್ತು ಪಟ್ಟು ಸಲೈನ್‌ನಲ್ಲಿ ತಿಳಿಮಾಡಿ ಮೊದಲ ಅರ್ಧ ಗಂಟೆ ನಿಮಿಷಕ್ಕೆ 0.5 ಮಿಲಿಲೀಟರ್, ತಡೆದುಕೊಂಡರೆ ಅರ್ಧ ಗಂಟೆಗೊಮ್ಮೆ ದುಪ್ಪಟ್ಟು ಮಾಡುತ್ತ ಹೆಚ್ಚೆಂದರೆ ನಿಮಿಷಕ್ಕೆ 2 ಮಿಲಿಲೀಟರ್. ಅಲರ್ಜಿಗೆ ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲೇ ಇರಬೇಕು.

ವಯಲ್‌ಗಳು ರೋಗಿಗಳಿಗಿಂತ ಕಡಿಮೆ ಇದ್ದರೆ? ಮನಸ್ಸು ತೀರಾ ಕೆಟ್ಟ ಸ್ಥಿತಿಯಲ್ಲಿರುವವರ ಕಡೆ ಎಳೆಯುತ್ತದೆ. ಆದರೆ ಪೂರ್ತಿ ಪಾರ್ಶ್ವವಾಯು ಆಗಿ ಕೆಲವು ದಿನದಿಂದ ವೆಂಟಿಲೇಟರ್‌ನಲ್ಲಿ ಇರುವವರಿಗಿಂತ, ಇವತ್ತು ಬೆಳಗ್ಗೆ ರೆಪ್ಪೆ, ಮಧ್ಯಾಹ್ನ ಗಂಟಲು, ಸಂಜೆ ಕುತ್ತಿಗೆ ಎಂದು ಇಳಿಯುತ್ತಿರುವವರಿಗೆ ಅದೇ ವಯಲ್ ಹೆಚ್ಚು ಉಪಕಾರಿ. ಅದರಿಂದ ಒಂದು ವೆಂಟಿಲೇಟರ್ ಉಳಿಯಬಹುದು. ತಡವಾಗಿ ಬಂದ ಪ್ರತಿವಿಷವೂ ವ್ಯರ್ಥವಲ್ಲ: ನಾನ್‌ನಿಂದ ಬ್ಯಾಂಕಾಕ್‌ಗೆ ಬಂದ ತೀವ್ರ ರೋಗಿಗಳಲ್ಲಿ 4ನೇ ದಿನ ಪಡೆದವರು 6ನೇ ದಿನ ಪಡೆದವರಿಗಿಂತ ಬೇಗ ವೆಂಟಿಲೇಟರ್ ಬಿಟ್ಟರು. ಲಕ್ಷಣ ಇಲ್ಲದವರಿಗೆ ಮುನ್ನೆಚ್ಚರಿಕೆ ಎಂದು ಕೊಡುವುದು ಬೇಡ.

ಪ್ರತಿವಿಷ ಹನಿಸುವ ಮೊದಲೇ ರಕ್ತದ ಮಾದರಿ ತೆಗೆಯಬೇಕು. ಆಮೇಲೆ ತೆಗೆದ ರಕ್ತದಲ್ಲಿ ವಿಷ ಸಿಗುವುದಿಲ್ಲ. 10 ಮಿಲಿಲೀಟರ್ ಸೀರಂ ಬೇಕಿದ್ದರೆ 20-30 ಮಿಲಿಲೀಟರ್ ರಕ್ತ. ಮಲ 25 ಗ್ರಾಂ. ಮಲಬದ್ಧತೆ ಇದ್ದರೆ ಸ್ವಲ್ಪವೇ ಸ್ವಲ್ಪ ಶುದ್ಧ ನೀರಿನ ಎನಿಮಾ. ಉಳಿದ ಆಹಾರ ಇದ್ದ ಪಾತ್ರೆಯ ಸಮೇತ. ಎಲ್ಲವೂ ಫ್ರಿಜ್‌ನ ತಂಪಿನಲ್ಲಿ. ಹೆದರಿದ ಅಡುಗೆಯವರು ಉಳಿದದ್ದನ್ನು ಚೆಲ್ಲಿ ಪಾತ್ರೆ ತೊಳೆದುಬಿಡುತ್ತಾರೆ, ಹಾಗಾಗಿ ಬೆದರಿಸದೆ ಮಾತಾಡುವ ಒಬ್ಬರನ್ನು ಮೊದಲ ಗಂಟೆಯಲ್ಲೇ ಅಡುಗೆಮನೆಗೆ ಕಳಿಸಬೇಕು. ಅದೇ ಸರಕು ಬೇರೆ ಮನೆಗೆ, ಸಂತೆಗೆ ಹೋಗಿದೆಯೇ ಎಂಬ ಉತ್ತರವೂ ಅವರ ಬಳಿಯೇ ಇರುತ್ತದೆ. ಊರಿನಲ್ಲಿ ಡಂಗುರ ಸಾರುವಾಗ ಆಹಾರದ ಹೆಸರು ಸ್ಪಷ್ಟವಾಗಿರಲಿ, "ರುಚಿ ನೋಡಿ ಪರೀಕ್ಷಿಸಬೇಡಿ, ಎಸೆಯಬೇಡಿ, ನಾವು ಬಂದು ಒಯ್ಯುತ್ತೇವೆ" ಎಂಬ ಮಾತು ಇರಲಿ.

ಡಬ್ಬಿಯೊಳಗೆ ತಪ್ಪಿದ್ದು

ಥಾಯ್ಲೆಂಡ್‌ನಲ್ಲಿ 1998ರಲ್ಲೇ ಇಂಥದೇ ಕಳಲೆಯಿಂದ 13 ಮಂದಿ ಕಾಯಿಲೆ ಬಿದ್ದು ಇಬ್ಬರು ಸತ್ತಿದ್ದರು. ಮಾಡುವ ವಿಧಾನ ಬದಲಾಗಿರಲಿಲ್ಲ. ಕಳಲೆಯಲ್ಲಿ ಹುಳಿ ಇಲ್ಲ. ಕುದಿಯುವ ನೀರು 100 ಡಿಗ್ರಿ. ಬೀಜಾಣು ಸಾಯಲು ಡಬ್ಬಿಯ ನಟ್ಟನಡುವೆ 121 ಡಿಗ್ರಿ ಸುಮಾರು 3 ನಿಮಿಷ ಬೇಕು. ಕುದಿಸಿದಾಗ ಪೈಪೋಟಿಯ ಸೂಕ್ಷ್ಮಜೀವಿಗಳೆಲ್ಲ ಸತ್ತು, ಗಾಳಿ ಹೊರಹೋಗಿ, ಉಳಿದ ಬೀಜಾಣುವಿಗೆ ಹೇಳಿ ಮಾಡಿಸಿದ ಜಾಗ ಸಿದ್ಧವಾಗುತ್ತದೆ. ಸಿಟ್ರಿಕ್ ಆಮ್ಲ ಸೇರಿಸಿ ಪಿಎಚ್ 4.6ಕ್ಕಿಂತ ಕೆಳಗಿಳಿಸಿದ್ದರೆ ಅದು ಮೊಳೆಯುತ್ತಿರಲಿಲ್ಲ.

ಮಲೆನಾಡು, ಕೊಡಗಿನವರು ಕಳಲೆಯನ್ನು ಹೆಚ್ಚಿ, ತೆರೆದ ಪಾತ್ರೆಯಲ್ಲಿ ನೀರು ಬದಲಾಯಿಸುತ್ತ ನೆನೆಸಿ, ಬೇಯಿಸಿಯೇ ತಿನ್ನುತ್ತಾರೆ. ಅದಕ್ಕೂ ನಾನ್‌ನ ಡಬ್ಬಿಗೂ ಹೋಲಿಕೆಯಿಲ್ಲ. ಮಾವಿನ, ನಿಂಬೆಯ ಉಪ್ಪಿನಕಾಯಿಯನ್ನು ಹುಳಿಯೂ ಉಪ್ಪೂ ಕಾಯುತ್ತವೆ. ಚಿಂತೆ ಹೊಸ ಅಭ್ಯಾಸಗಳದ್ದು: ಎಣ್ಣೆಯಲ್ಲಿ ಮುಳುಗಿಸಿ ಅಡುಗೆಕಟ್ಟೆಯ ಮೇಲೆ ವಾರಗಟ್ಟಲೆ ಇಟ್ಟ ಹಸಿ ಬೆಳ್ಳುಳ್ಳಿ, ಫ್ರಿಜ್‌ನಲ್ಲಿಡಿ ಎಂದು ಬರೆದಿದ್ದರೂ ಹೊರಗಿಟ್ಟ ನಿರ್ವಾತ ಪ್ಯಾಕೆಟ್, ಸೀಲ್ ಯಂತ್ರ ಕೊಂಡು ಪಲ್ಯ-ಸಾಗು ಪ್ಯಾಕ್ ಮಾಡಿ ಮಾರುವ ಸಣ್ಣ ಉದ್ಯಮ. ಅಮೆರಿಕದಲ್ಲಿರುವ ಕನ್ನಡಿಗರು ಜಾರ್‌ಗಳಲ್ಲಿ ತರಕಾರಿ ಕ್ಯಾನಿಂಗ್ ಮಾಡುವಾಗಲೂ ಇದನ್ನು ನೆನೆಯಬೇಕು. ಒಹಾಯೊದ ಸಲಾಡ್‌ನಲ್ಲಿದ್ದದ್ದು ಮನೆಯಲ್ಲಿ ಬರೀ ಕುದಿನೀರಿನಲ್ಲಿ ಕ್ಯಾನಿಂಗ್ ಮಾಡಿದ ಆಲೂಗಡ್ಡೆ. ನಮ್ಮ ಮನೆಯ ಪ್ರೆಶರ್ ಕುಕ್ಕರ್ 121 ಡಿಗ್ರಿ ಮುಟ್ಟಬಹುದು, ಆದರೆ ಜಾರ್‌ನ ನಡುಭಾಗಕ್ಕೆ ಆ ಬಿಸಿ ಎಷ್ಟು ನಿಮಿಷದಲ್ಲಿ ಹೋಗುತ್ತದೆ ಎಂಬ ಲೆಕ್ಕ ಮಾಡಿರುವುದು ಕ್ಯಾನಿಂಗ್‌ಗೆಂದೇ ಇರುವ ದೊಡ್ಡ ಪ್ರೆಶರ್ ಕ್ಯಾನರ್‌ಗಳಿಗೆ.

ಬೀಜಾಣುವಿನಷ್ಟು ಗಟ್ಟಿಯಲ್ಲ ವಿಷ. 85 ಡಿಗ್ರಿಯಲ್ಲಿ 5 ನಿಮಿಷಕ್ಕೆ ಅದು ನಾಶವಾಗುತ್ತದೆ. ಮನೆಯಲ್ಲಿ ಡಬ್ಬಿಗೆ ತುಂಬಿಟ್ಟ ಹುಳಿಯಿಲ್ಲದ ಆಹಾರವನ್ನು ಬಡಿಸುವ ಮುನ್ನ 10 ನಿಮಿಷ ತಳಮಳ ಕುದಿಸುವ ಅಭ್ಯಾಸವೊಂದಿದ್ದರೂ ದೊಡ್ಡ ಅನಾಹುತ ತಪ್ಪೀತು. ಉಬ್ಬಿದ, ಸೋರುವ ಡಬ್ಬಿಗೆ ಈ ಮಾತು ಅನ್ವಯಿಸುವುದಿಲ್ಲ, ಅದನ್ನು ತೆರೆಯಲೇಬಾರದು. ವಾಸನೆ, ಬಣ್ಣ ಸರಿಯಿದೆ ಎಂಬುದು ಭರವಸೆಯಲ್ಲ.

ಆಸ್ಪತ್ರೆಯ ಕೆಲಸ ಸುದ್ದಿ ತಣ್ಣಗಾದ ಮೇಲೂ ವಾರಗಟ್ಟಲೆ ಉಳಿಯುತ್ತದೆ. ನರದ ತುದಿ ಹೊಸದಾಗಿ ಚಿಗುರುವವರೆಗೆ ಮೂಗಿನ ಕೊಳವೆಯಲ್ಲಿ ಗಂಜಿ, ಎರಡು ಗಂಟೆಗೊಮ್ಮೆ ಮಗ್ಗುಲು, ಮೂತ್ರದ ಕೊಳವೆ, ಕೈಕಾಲಿನ ವ್ಯಾಯಾಮ. ಟ್ಯೂಬ್ ತೆಗೆಯುವ ಮುನ್ನ ತಲೆ ಎತ್ತುವ ಪರೀಕ್ಷೆ, ಕೆಮ್ಮಿನ ಪರೀಕ್ಷೆ ಎರಡರಲ್ಲೂ ಪಾಸಾಗಬೇಕು. ಬಾಯಿಗೆ ಮೊದಲ ಗುಟುಕು ಕೊಡುವುದು ಅದಾದ ಮೇಲೆಯೇ. ಮನೆಗೆ ಹೋದವರಿಗೂ ಆಯಾಸ, ಮೆಟ್ಟಿಲು ಹತ್ತಿದರೆ ಏದುಸಿರು ತಿಂಗಳುಗಟ್ಟಲೆ ಇರಬಹುದು. ಹೊಲದ ಕೆಲಸಕ್ಕೆ ಯಾವಾಗ ಇಳಿಯಬಹುದು ಎಂಬುದನ್ನು ಬಿಡುಗಡೆಯ ಚೀಟಿಯಲ್ಲಿ ಬರೆದುಕೊಡಿ, ಒಂದು ತಿಂಗಳ ಮೇಲೆ ಮತ್ತೆ ಕರೆಸಿ ಒಂದೇ ಉಸಿರಿನ ಎಣಿಕೆ ಮಾಡಿಸಿ.